ಬಾಲ್‌ಪಾರ್ಕ್ ಅಂದ್ರೆ ಪಾರ್ಕ್ ಅಲ್ಲ: ಮೀಟಿಂಗ್ ಇಂಗ್ಲಿಷಿನ ನುಡಿಗಟ್ಟುಗಳು

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿ ಮುಂದೆ ಹೋದ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಮೊದಲು ನನ್ನದೇ ಕಥೆ. ಎಂಟೆಕ್ ಮುಗಿಸಿ ಪುಣೆಗೆ ಬಂದ ಮೊದಲ ವರ್ಷ. ರಾತ್ರಿ ಎಂಟೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ನಾನು ಬರೆಯಬೇಕಿದ್ದ ಒಂದು ಮಾಡ್ಯೂಲ್ ಬಗ್ಗೆ ಆಕೆ ನನ್ನ ಹೆಸರು ಹಿಡಿದು ಕೇಳಿದರು: "ಕ್ಯಾನ್ ಯು ಗಿವ್ ಮಿ ಎ ಬಾಲ್‌ಪಾರ್ಕ್?" ನನ್ನ ತಲೆಯಲ್ಲಿ ಮೊದಲು ಚೆಂಡು ಬಂತು, ಆಮೇಲೆ ಪಾರ್ಕ್ ಬಂತು. ಯಾವುದೋ ಹೊಸ ಟೂಲ್ ಇರಬೇಕು ಅಂದುಕೊಂಡು ಸುಮ್ಮನಾದೆ. ಎರಡು ಸೆಕೆಂಡ್ ಆದಮೇಲೆ ಆಕೆಯೇ "ಥ್ರೀ ವೀಕ್ಸ್?" ಅಂದರು. ನಾನು "ಯೆಸ್, ಯೆಸ್" ಅಂದೆ. ಮಾರನೇ ದಿನ ಮೂರು ವಾರ ಅಂತ ಮೇಲ್ ಬಂತು. ಕೆಲಸ ಇದ್ದದ್ದು ಆರು ವಾರದ್ದು. ಮೂರು ಭಾನುವಾರಗಳೂ ಹೋದವು, ಕೆಲಸವೂ ಮುಗಿಯಲಿಲ್ಲ. ಅಪ್ರೈಸಲ್‌ನಲ್ಲಿ ನನ್ನ ಎಸ್ಟಿಮೇಷನ್ ಸರಿ ಇಲ್ಲ ಅಂತ ಬರೆದರು.

ತಮಾಷೆ ಏನು ಗೊತ್ತಾ? ಬಾಲ್‌ಪಾರ್ಕ್ ಫಿಗರ್ ಅಂದ್ರೆ ಸುಮಾರು ಲೆಕ್ಕ, ಅಂದಾಜು ಅಂತ ಅಷ್ಟೇ. "ಐದರಿಂದ ಏಳು ವಾರ ಆಗಬಹುದು" ಅಂದಿದ್ದರೂ ಸಾಕಿತ್ತು. ಆಕೆ ಕೇಳಿದ್ದೇ ಅದು. ನನಗೆ ಎಸ್ಟಿಮೇಟ್ ಮಾಡೋಕೆ ಬರ್ತಿತ್ತು, ಆ ಒಂದು ಪದ ಬರ್ತಿರಲಿಲ್ಲ.

ಹಾಗಾಗಿ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾವು ಶಾಲೆಯಲ್ಲಿ ಉರು ಹೊಡೆದ ಈಡಿಯಮ್‌ಗಳು ಇಲ್ಲಿ ಹೆಚ್ಚು ಕೆಲಸಕ್ಕೆ ಬರಲ್ಲ. ಗ್ರಾಮರ್ ಪುಸ್ತಕದ ಕೊನೆಯ ಪುಟಗಳಲ್ಲಿ "ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್" ಇರ್ತಿತ್ತಲ್ಲ, ಇಷ್ಟು ವರ್ಷದ ಕಾಲ್‌ಗಳಲ್ಲಿ ಒಬ್ಬ ಅಮೆರಿಕನ್ ಬಾಯಲ್ಲೂ ನಾನು ಅದನ್ನು ಕೇಳಿಲ್ಲ. ಮೊದಲು ಕಲಿಯಬೇಕಾದದ್ದು ಬೇರೆ: ದಿನಾಂಕ, ಒಪ್ಪಿಗೆ, ನಿರಾಕರಣೆ, ತಪ್ಪು ಯಾರದ್ದು ಅನ್ನೋದು, ಈ ನಾಲ್ಕು ವಿಷಯ ಬಂದಾಗ ಅವರು ಬಳಸೋ ಮಾತುಗಳು. ಅದೂ ಆಡೋದಕ್ಕಲ್ಲ, ಕೇಳಿದಾಗ ಅರ್ಥ ಆಗೋದಕ್ಕೆ. ನೀವು ಒಂದೇ ಒಂದು ಈಡಿಯಮ್ ಬಳಸದೆ ಇಪ್ಪತ್ತು ವರ್ಷ ಕೆಲಸ ಮಾಡಬಹುದು. ಅರ್ಥ ಆಗದೆ "ಯೆಸ್" ಅಂದ್ರೆ ಮಾತ್ರ ಭಾನುವಾರ ಹೋಗುತ್ತೆ.

ಇವುಗಳಲ್ಲಿ ಬಹಳಷ್ಟು ನಮಗೆ ತಲೆಗೆ ಹತ್ತದೇ ಇರೋದಕ್ಕೆ ಒಂದು ಸರಳ ಕಾರಣ ಇದೆ. ನಾವು ಬೆಳೆದದ್ದು ಕ್ರಿಕೆಟ್ ನೋಡಿಕೊಂಡು, ಅವರು ಬೆಳೆದದ್ದು ಬೇಸ್‌ಬಾಲ್ ನೋಡಿಕೊಂಡು. ಬ್ರಿಟಿಷರು "ಆನ್ ದ ಬ್ಯಾಕ್ ಫುಟ್" ಅಂದ್ರೆ ನಮಗೆ ವಿವರಣೆಯೇ ಬೇಡ, ಬ್ಯಾಟ್ಸ್‌ಮನ್ ಹಿಂದೆ ಸರಿದದ್ದು ಕಣ್ಣಿಗೆ ಕಾಣುತ್ತೆ. "ಸ್ಟಿಕಿ ವಿಕೆಟ್" ಕೂಡ ಹಾಗೇ. ಹಿಂದೆ ಪಿಚ್ ಮುಚ್ಚುತ್ತಿರಲಿಲ್ಲ, ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗುವಾಗ ಚೆಂಡು ಹೇಗೆ ಏಳುತ್ತೆ ಅಂತ ಹೇಳೋಕಾಗ್ತಿರಲಿಲ್ಲ. ಅಂಥ ಇಕ್ಕಟ್ಟಿನ ಪರಿಸ್ಥಿತಿಗೆ ಆ ಹೆಸರು. ಆದರೆ ಅಮೆರಿಕದವರ ಮಾತಿಗೆ ಬೇಸ್‌ಬಾಲ್ ಮೈದಾನ ಗೊತ್ತಿರಬೇಕು. ಬಾಲ್‌ಪಾರ್ಕ್ ಅಂದ್ರೆ ಆ ಮೈದಾನವೇ.

ಒಂದು ಸಂಜೆ ಯೂಟ್ಯೂಬ್‌ನಲ್ಲಿ ಬೇಸ್‌ಬಾಲ್ ನಿಯಮ ವಿವರಿಸೋ ಹತ್ತು ನಿಮಿಷದ ವಿಡಿಯೋ ನೋಡಿ. ನಾನು ನೋಡಿದ ಮೇಲೆ ಒಂದು ಡಜನ್ ನುಡಿಗಟ್ಟು ತಾನಾಗಿಯೇ ಬಿಡಿಸಿಕೊಂಡವು. ಹೋಮ್ ಪ್ಲೇಟ್ ಸೇರಿ ನಾಲ್ಕು ಬೇಸ್ ಇರುತ್ತೆ, ಓಡುವವನು ಒಂದೊಂದನ್ನೂ ಮುಟ್ಟಲೇಬೇಕು. "ಲೆಟ್ಸ್ ಟಚ್ ಬೇಸ್ ಟುಮಾರೊ" ಅಂದ್ರೆ ನಾಳೆ ಐದು ನಿಮಿಷ ಮಾತಾಡೋಣ ಅಂತ. ದೊಡ್ಡ ಮೀಟಿಂಗ್‌ಗೆ ಸ್ಲೈಡ್ ತಯಾರಿ ಮಾಡಿಕೊಂಡು ಕೂರೋದು ಬೇಡ. ಬ್ಯಾಟ್ ಮಾಡೋನು ಪ್ಲೇಟ್ ಹತ್ತಿರ ಬಂದು ನಿಲ್ತಾನೆ, ಆದ್ದರಿಂದ "ಸ್ಟೆಪ್ ಅಪ್ ಟು ದ ಪ್ಲೇಟ್" ಅಂದ್ರೆ ಜವಾಬ್ದಾರಿ ಹೊತ್ತುಕೊಂಡು ಮುಂದೆ ಬರೋದು. ಊಟದ ತಟ್ಟೆಗೂ ಅದಕ್ಕೂ ಸಂಬಂಧ ಇಲ್ಲ. "ಕರ್ವ್‌ಬಾಲ್" ನಮ್ಮ ಸ್ವಿಂಗ್ ಇದ್ದ ಹಾಗೆ, ಗಾಳಿಯಲ್ಲೇ ತಿರುಗುತ್ತೆ. ನಿರೀಕ್ಷೆ ಮಾಡದ ತೊಡಕು ಬಂದಾಗ ಹೇಳ್ತಾರೆ. "ರೈಟ್ ಆಫ್ ದ ಬ್ಯಾಟ್" ಅಂದ್ರೆ ಶುರುವಿನಲ್ಲೇ, ತಕ್ಷಣ. "ವಿ ಡ್ರಾಪ್ಡ್ ದ ಬಾಲ್" ಅಂದ್ರೆ ಕ್ಯಾಚ್ ಬಿಟ್ವಿ, ಅಂದ್ರೆ ತಪ್ಪು ನಮ್ಮದು. ಇದರಲ್ಲಿ "ವಿ" ಅಂದರಾ "ಯು" ಅಂದರಾ ಅನ್ನೋದನ್ನು ಕಿವಿ ಕೊಟ್ಟು ಕೇಳಿ.

"ರೇನ್ ಚೆಕ್" ನನಗೆ ಬಹಳ ಇಷ್ಟ. ಜುಲೈ ತಿಂಗಳು, ಪುಣೆಯಲ್ಲಿ ಬಿಡದೆ ಮಳೆ. ಅಮೆರಿಕದಿಂದ ಬಂದಿದ್ದ ಒಬ್ಬ ಸಹೋದ್ಯೋಗಿಯನ್ನು ಮಿಸಳ್ ತಿನ್ನೋಕೆ ಕರೆದೆ. "ಐ ವಿಲ್ ಟೇಕ್ ಎ ರೇನ್ ಚೆಕ್" ಅಂದ. ನಾನು ಕಿಟಕಿ ಹತ್ತಿರ ಹೋಗಿ ನೋಡಿ ಬಂದು, "ಈಗ ನಿಂತಿದೆ, ಹೋಗಬಹುದು" ಅಂದೆ. ಅವನು ಪಾಪ, ಬೇಡ ಅನ್ನಲಾಗದೆ ಬಂದೇಬಿಟ್ಟ! ಅಲ್ಲಿ ಮಳೆಯಿಂದ ಆಟ ನಿಂತರೆ ಇನ್ನೊಂದು ದಿನ ಬಂದು ನೋಡೋಕೆ ಪ್ರೇಕ್ಷಕರಿಗೆ ಚೀಟಿ ಕೊಡ್ತಿದ್ದರು, ಅದೇ ರೇನ್ ಚೆಕ್. ಅಂದ್ರೆ "ಇವತ್ತು ಬೇಡ, ಇನ್ನೊಂದು ದಿನ" ಅನ್ನೋದರ ಮೆತ್ತಗಿನ ರೂಪ.

ಮೆತ್ತಗಿನ ರೂಪ ಅಂದೆನಲ್ಲ, ಕಷ್ಟ ಇರೋದು ಅಲ್ಲೇ. ನಮ್ಮೂರಲ್ಲಿ ಹೆಣ್ಣಿನ ಕಡೆಯವರಿಗೆ ನೇರವಾಗಿ ಇಲ್ಲ ಅನ್ನದೆ "ಮನೆಯಲ್ಲಿ ಮಾತಾಡಿ ತಿಳಿಸ್ತೀವಿ" ಅಂತಾರಲ್ಲ, ಇಂಗ್ಲಿಷಿನಲ್ಲೂ ಅಂಥವು ಬೇಕಾದಷ್ಟಿವೆ. "ಲೆಟ್ಸ್ ಟೇಕ್ ಇಟ್ ಆಫ್‌ಲೈನ್" ಅಂದ್ರೆ ಇಂಟರ್ನೆಟ್ ಬಂದ್ ಮಾಡಿ ಅಂತಲ್ಲ, ಇಷ್ಟು ಜನರ ಮುಂದೆ ಈ ಮಾತು ಬೇಡ ಅಂತ. ಆಮೇಲೆ ನೀವೇ ಬೆನ್ನು ಹತ್ತದಿದ್ದರೆ ಎಷ್ಟೋ ಸಲ ಆ ವಿಷಯ ಅಲ್ಲಿಗೇ ಮುಗಿಯುತ್ತೆ. "ಐ ಹಿಯರ್ ಯು" ಅಂದ್ರೆ ಕೇಳಿಸಿಕೊಂಡೆ ಅಂತ, ಒಪ್ಪಿದೆ ಅಂತಲ್ಲ. "ಪುಟ್ ಇಟ್ ಆನ್ ದ ಬ್ಯಾಕ್ ಬರ್ನರ್" ಅನ್ನೋದು ಅವರ ಅಡುಗೆಮನೆಯಿಂದ ಬಂದದ್ದು. ಅವರ ಒಲೆಯಲ್ಲಿ ನಾಲ್ಕು ಉರಿ, ಮುಂದೆ ಎರಡು ಹಿಂದೆ ಎರಡು. ಈಗಲೇ ಕೈಯಾಡಿಸಬೇಕಾದದ್ದು ಮುಂದೆ, ನಿಧಾನಕ್ಕೆ ಬೇಯುತ್ತಿರಲಿ ಅನ್ನೋದು ಹಿಂದೆ. ನಮ್ಮ ಮನೆಯ ಎರಡು ಬರ್ನರ್ ಸ್ಟವ್‌ಗೆ ಹಿಂದೆ ಅನ್ನೋದೇ ಇಲ್ಲ, ಹಾಗಾಗಿ ನಮಗೆ ಚಿತ್ರ ಮೂಡಲ್ಲ. ನಿಮ್ಮ ಫೀಚರ್ ಬ್ಯಾಕ್ ಬರ್ನರ್‌ಗೆ ಹೋಯಿತು ಅಂದ್ರೆ ಈ ಕ್ವಾರ್ಟರ್ ಬರಲ್ಲ ಅಂತಲೇ ಲೆಕ್ಕ.

ದೇಶ ಬದಲಾದರೆ ಅರ್ಥ ಬದಲಾಗೋದೂ ಉಂಟು. ಅಮೆರಿಕದವರು "ಲೆಟ್ಸ್ ಟೇಬಲ್ ದಿಸ್" ಅಂದ್ರೆ ಈಗ ಬಿಡಿ, ಮುಂದೂಡೋಣ ಅಂತ. ಬ್ರಿಟಿಷರು ಅದೇ ಮಾತು ಆಡಿದರೆ ಈಗಲೇ ಚರ್ಚೆಗೆ ತಗೊಳ್ಳೋಣ ಅಂತ. ಪೂರ್ತಿ ಉಲ್ಟಾ! ಎರಡನೇ ಮಹಾಯುದ್ಧದ ಬಗ್ಗೆ ಬರೆದ ಗ್ರಂಥದಲ್ಲಿ ಚರ್ಚಿಲ್ ಇದನ್ನು ನೆನಪಿಸಿಕೊಂಡಿದ್ದಾರೆ. ಬ್ರಿಟಿಷ್ ಅಧಿಕಾರಿಗಳು ಒಂದು ತುರ್ತು ವಿಷಯವನ್ನು ಟೇಬಲ್ ಮಾಡೋಣ ಅಂದರಂತೆ, ಅಮೆರಿಕದವರು ಅದನ್ನು ಮುಂದೂಡಬಾರದು ಅಂತ ಹಟ ಹಿಡಿದರಂತೆ. ಬಹಳ ಹೊತ್ತು ಜಗಳ ಆದಮೇಲೆ ಗೊತ್ತಾಯಿತು, ಇಬ್ಬರೂ ಹೇಳ್ತಿದ್ದದ್ದು ಒಂದೇ. ನಮ್ಮ ಸಂಸತ್ತಿನಲ್ಲಿ ವರದಿ ಟೇಬಲ್ ಆಯಿತು ಅಂದ್ರೆ ಮಂಡನೆ ಆಯಿತು ಅಂತ ತಾನೇ? ನಾವು ಹಿಡಿದಿರೋದು ಬ್ರಿಟಿಷ್ ದಾರಿ. "ಕ್ವೈಟ್ ಗುಡ್" ಕೂಡ ಹೀಗೇ. ಅಮೆರಿಕದವರು ಅಂದ್ರೆ ತುಂಬಾ ಚೆನ್ನಾಗಿದೆ. ಎಷ್ಟೋ ಸಲ ಬ್ರಿಟಿಷರು ಅಂದ್ರೆ ಪರವಾಗಿಲ್ಲ, ನಡೆಯುತ್ತೆ ಅಂತ ಅಷ್ಟೇ. ಲಂಡನ್ ಕ್ಲೈಂಟ್ ಕ್ವೈಟ್ ಗುಡ್ ಅಂದಾಗ ಪಾರ್ಟಿ ಕೇಳಬೇಡಿ.

ಇನ್ನು ನಮ್ಮ ಕಡೆಯಿಂದ ಹೋಗೋ ಇಂಗ್ಲಿಷ್. "ಐ ಹ್ಯಾವ್ ಎ ಡೌಟ್" ಅಂತ ನಾವು ಧಾರಾಳವಾಗಿ ಹೇಳ್ತೀವಿ. ನಮಗೆ ಡೌಟ್ ಅಂದ್ರೆ ಪ್ರಶ್ನೆ, ಕ್ಲಾಸಲ್ಲಿ ಮೇಷ್ಟ್ರಿಗೆ ಕೇಳೋ ಡೌಟು. ಹೊರಗಿನವರಿಗೆ ಅದು ಅನುಮಾನ, ನಿಮ್ಮ ಮಾತು ನನಗೆ ನಂಬಿಕೆ ಇಲ್ಲ ಅನ್ನೋ ಧ್ವನಿ. "ಐ ಹ್ಯಾವ್ ಎ ಕ್ವೆಶ್ಚನ್" ಅಂದ್ರೆ ಸಾಕು. "ಪಾಸ್ಡ್ ಔಟ್ ಇನ್ 2012" ಅಂದ್ರೆ ಅವರಿಗೆ ಮೊದಲು ನೆನಪಾಗೋದು ಪ್ರಜ್ಞೆ ತಪ್ಪೋದು, "ಗ್ರ್ಯಾಜುಯೇಟೆಡ್" ಅನ್ನಿ. ಮೇಲ್‌ನ ಕೊನೆಗೆ "ಪ್ಲೀಸ್ ರಿವರ್ಟ್" ಅಂತ ಹಾಕೋದನ್ನಂತೂ ನಮ್ಮ ಫೀಲ್ಡ್‌ನವರು ಬಿಡಲೇಬೇಕು. ನಮ್ಮ ಟೀಮಿನ ಹುಡುಗಿಯೊಬ್ಬಳು ಹಾಗೆ ಬರೆದದ್ದಕ್ಕೆ ಆ ಕಡೆಯ ಡೆವಲಪರ್ "ಯಾವ ಕಮಿಟ್?" ಅಂತ ಕೇಳಿದ್ದ. ಅವನು ರಿವರ್ಟ್ ಮಾಡಿಬಿಡದೆ ಕೇಳಿದ್ದು ನಮ್ಮ ಪುಣ್ಯ. "ಪ್ರಿಪೋನ್" ಬಗ್ಗೆ ಮಾತ್ರ ನನಗೆ ನಾಚಿಕೆ ಇಲ್ಲ. ಒಳ್ಳೆಯ ಪದ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ. ಆದರೆ ಕೇಳಿದವರಿಗೆ ಗೊತ್ತಿಲ್ಲದಿದ್ದರೆ "ಮೂವ್ ಇಟ್ ಅರ್ಲಿಯರ್" ಅನ್ನಬೇಕಾಗುತ್ತೆ.

ನೆನಪಿಡೋದು ಹೇಗೆ ಅಂತ ಬಹಳ ಜನ ಕೇಳ್ತೀರಿ. ಕನ್ನಡದ ಪಕ್ಕದಲ್ಲಿ ಇಟ್ಟು ನೋಡಿ, ಕೆಲವು ಥಟ್ಟನೆ ಕೂರುತ್ತವೆ. "ಸಿಟ್ಟಿಂಗ್ ಆನ್ ದ ಫೆನ್ಸ್" ಅಂದ್ರೆ ನಮ್ಮ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಆದರೆ ಮೋಸ ಮಾಡೋವೂ ಇವೆ. "ಗಿವ್ ಮಿ ಎ ಹ್ಯಾಂಡ್" ಅಂದ್ರೆ ಸಹಾಯ ಮಾಡು ಅಂತ; ಕನ್ನಡದಲ್ಲಿ ಕೈ ಕೊಟ್ಟ ಅಂದ್ರೆ ನಡುನೀರಲ್ಲಿ ಬಿಟ್ಟು ಹೋದ ಅಂತ. "ಪುಲ್ಲಿಂಗ್ ಯುವರ್ ಲೆಗ್" ಅಂದ್ರೆ ಬರೀ ತಮಾಷೆ; ನಮ್ಮಲ್ಲಿ ಕಾಲೆಳೆಯೋದು ಅಂದ್ರೆ ತಮಾಷೆಯೂ ಆಗಬಹುದು, ಮೇಲೆ ಬರ್ತಿರೋನನ್ನು ಕೆಳಗೆ ಬೀಳಿಸೋದೂ ಆಗಬಹುದು. ಪಟ್ಟಿ ಮಾಡಿ ದಿನಕ್ಕೆ ಹತ್ತು ಕಲಿಯೋದು ನನ್ನ ಕೈಲಿ ಆಗಲಿಲ್ಲ. ಕಾಲ್ ಮುಗಿದ ಮೇಲೆ ಅರ್ಥವಾಗದ ಒಂದೇ ಒಂದು ಮಾತು, ಅದನ್ನು ಯಾರು ಅಂದರು, ಅಂದಮೇಲೆ ಏನಾಯಿತು, ಇಷ್ಟನ್ನು ಬರೆದಿಡ್ತೀನಿ. ಟೀಮ್ಸ್, ಝೂಮ್ ಎರಡರಲ್ಲೂ ಲೈವ್ ಕ್ಯಾಪ್ಶನ್ ಇದೆ, ಆನ್ ಮಾಡಿಟ್ಟುಕೊಳ್ಳಿ. ಕಿವಿಗೆ ಸಿಗದ್ದು ಎಷ್ಟೋ ಸಲ ಕಣ್ಣಿಗೆ ಸಿಗುತ್ತೆ.

ಅಲ್ಲೇ, ಆಗಲೇ ಅರ್ಥ ಆಗದಿದ್ದರೆ? ಕೇಳಿಬಿಡಿ. "ಸಾರಿ, ವಾಟ್ ಡು ಯು ಮೀನ್ ಬೈ ದಟ್?" ಅಂದ್ರೆ ಯಾರೂ ನಗಲ್ಲ. ಅದೂ ಮುಜುಗರ ಅನ್ನಿಸಿದರೆ, "ಜಸ್ಟ್ ಟು ಕನ್ಫರ್ಮ್, ಇಸ್ ದಿಸ್ ಎ ರಫ್ ಎಸ್ಟಿಮೇಟ್ ಆರ್ ಎ ಕಮಿಟ್‌ಮೆಂಟ್?" ಅಂತ ನಿಮಗೆ ಬೇಕಾದ್ದನ್ನೇ ಕೇಳಿ. ಈ ಒಂದು ವಾಕ್ಯ ನಾನು ಹಳದಿ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೆ.

ಹೋದ ತಿಂಗಳು ನಮ್ಮ ಟೀಮಿಗೆ ದಾವಣಗೆರೆ ಹುಡುಗನೊಬ್ಬ ಸೇರಿದ. ಕಾಲ್ ನಡೀತಿರುವಾಗಲೇ ಚಾಟ್‌ನಲ್ಲಿ ಕೇಳಿದ, "ಅಣ್ಣಾ, ಲೋ ಹ್ಯಾಂಗಿಂಗ್ ಫ್ರೂಟ್ ಅಂದ್ರೆ ಏನು? ನನ್ನ ಟಾಸ್ಕಿಗೆ ಹಂಗಂತಿದಾರೆ." ನಾನು ಟೈಪ್ ಮಾಡಿದೆ: "ಕೈಗೆ ಎಟುಕೋ ಹಣ್ಣು. ಸುಲಭದ ಕೆಲಸ, ಬೇಗ ಮುಗಿಯುತ್ತೆ ಅಂತ ಹೇಳ್ತಿದಾರೆ. ಹೌದಾ?" ಅರ್ಧ ನಿಮಿಷ ಏನೂ ಬರಲಿಲ್ಲ. ಆಮೇಲೆ ಅವನ ಮೈಕ್ ಆನ್ ಆಯಿತು. ಒಡೆದ ಇಂಗ್ಲಿಷಿನಲ್ಲೇ, ಆದರೆ ಸ್ಪಷ್ಟವಾಗಿ, ಇದು ಲೋ ಹ್ಯಾಂಗಿಂಗ್ ಅಲ್ಲ, ಹಳೆಯ ಡೇಟಾ ಎಲ್ಲ ಮೈಗ್ರೇಟ್ ಮಾಡಬೇಕು, ಎರಡು ವಾರ ಬೇಕು ಅಂದ. ಆ ಕಡೆಯಿಂದ "ಫೇರ್ ಪಾಯಿಂಟ್, ಟೂ ವೀಕ್ಸ್ ದೆನ್" ಅಂತ ಬಂತು. ಚಾಟ್‌ನಲ್ಲಿ ಮತ್ತೆ ಅವನದ್ದೇ ಮೆಸೇಜ್: "ಅಣ್ಣಾ, ಫೇರ್ ಪಾಯಿಂಟ್ ಅಂದ್ರೆ ಬೈದ್ರಾ?"