ಮೂಕ ಪ್ರಾಣಿಯ ಕ್ಷೇಮಸಮಾಚಾರ

ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿಯೇ ‘ಇತ್ತ ಕ್ಷೇಮ, ಅತ್ತಣ ಕ್ಷೇಮಸಮಾಚಾರಕ್ಕೆ ಬರೆಯಿಸುವುದು’ ಎಂದು ಬರೆಯುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ದೂರದಲ್ಲಿರುವವರು ಮರುಟಪಾಲಿನಲ್ಲಿ ತಮ್ಮ ಸುಖದುಃಖಗಳನ್ನು ತಿಳಿಸುತ್ತಿದ್ದರು. ಆದರೆ ಬರೆಯಲಾರದ, ಮಾತನಾಡಲಾರದ ಜೀವಿಯೊಂದನ್ನು ಬೇರೊಬ್ಬರ ಮನೆಗೆ ಕಳುಹಿಸಿಕೊಟ್ಟರೆ ಅದರ ಕ್ಷೇಮಸಮಾಚಾರವನ್ನು ತಿಳಿಯುವ ಬಗೆ ಹೇಗೆ?

ಕ್ರೂರಿಗಳ ಕೈಯಿಂದ ಬಿಡಿಸಿ ತಂದ ನಾಯಿಗಳಿಗೂ, ಒಡೆಯರು ತೊರೆದುಬಿಟ್ಟ ನಾಯಿಗಳಿಗೂ ಹೊಸ ಮನೆಗಳನ್ನು ಹುಡುಕಿಕೊಡುವ ಆಶ್ರಯಗಳು ಇಂದು ಅನೇಕ ದೇಶಗಳಲ್ಲಿವೆ. ನಾಯಿಯು ಹೊಸ ಮನೆಯ ಹೊಸ್ತಿಲನ್ನು ದಾಟಿದೊಡನೆ ಕಥೆ ಸುಖವಾಗಿ ಮುಗಿಯಿತೆಂದು ಸಾಮಾನ್ಯವಾಗಿ ಜನರು ತಿಳಿಯುತ್ತಾರೆ. ವಾಸ್ತವದಲ್ಲಿ ಕಷ್ಟವಾದ ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ. ಯಾವ ನಾಯಿ ಯಾವ ಮನೆಗೆ ತಕ್ಕುದು? ಅಲ್ಲಿಗೆ ಹೋದ ಮೇಲೆ ಅದು ಸುಖವಾಗಿದೆಯೆ? ಸುಖವಾಗಿದೆಯೆಂದು ನಾವು ಹೇಳುವುದಾದರೆ ಆ ಮಾತಿಗೆ ಆಧಾರವೇನು? ದಯೆಯಿಂದ ಹುಟ್ಟಿದ ಈ ಪ್ರಶ್ನೆಗಳು ಕೊನೆಗೆ ಅಳತೆಯ ಪ್ರಶ್ನೆಗಳಾಗಿ ನಿಲ್ಲುತ್ತವೆ. ಭೌತವಿಜ್ಞಾನವನ್ನು ಬೋಧಿಸುವ ನಾವು ನಾಯಿಗಳ ವಿಷಯಕ್ಕೆ ಕೈಹಾಕಲು ಇದೇ ಕಾರಣ.

ಒಂದು ಮೊಕದ್ದಮೆಯ ವೃತ್ತಾಂತ

2007ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ವರ್ಜೀನಿಯ ಸಂಸ್ಥಾನದ ಸರ್ರಿ ಎಂಬ ಗ್ರಾಮಾಂತರ ಪ್ರಾಂತದಲ್ಲಿ ಪೊಲೀಸರು ಒಂದು ಜಮೀನನ್ನು ಶೋಧಿಸಿದರು. ಅದು ಹೆಸರಾಂತ ಫುಟ್‌ಬಾಲ್ ಆಟಗಾರನಾದ ಮೈಕೇಲ್ ವಿಕ್ ಎಂಬಾತನ ಸ್ವತ್ತು. ಅಲ್ಲಿ ಪಿಟ್ ಬುಲ್ ಜಾತಿಯ ಐವತ್ತರಷ್ಟು ನಾಯಿಗಳು ಸಿಕ್ಕಿದವು. ಹಲವು ನಾಯಿಗಳನ್ನು ನೆಲದಲ್ಲಿ ಹೂಳಿದ ಮೋಟಾರು ಅಚ್ಚುಗಳಿಗೆ ಸರಪಳಿಯಿಂದ ಬಿಗಿಯಲಾಗಿತ್ತು. ಪಣವೊಡ್ಡಿ ನಾಯಿಗಳ ಕಾಳಗವನ್ನು ನಡೆಸುವುದು ಅಲ್ಲಿಯ ಕಸಬು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯವು ವಿಕ್‌ನಿಗೆ 23 ತಿಂಗಳ ಸೆರೆವಾಸವನ್ನು ವಿಧಿಸಿತು.

ಅಪರಾಧಿಗೆ ಶಿಕ್ಷೆಯಾಯಿತು, ನಾಯಿಗಳ ಗತಿ? ಅಲ್ಲಿಯವರೆಗಿನ ರೂಢಿಯಂತೆ, ಕಾಳಗಕ್ಕೆ ಬೆಳೆಸಿದ ನಾಯಿಗಳನ್ನು ಮೊಕದ್ದಮೆ ಮುಗಿದೊಡನೆ ಕೊಂದುಬಿಡುತ್ತಿದ್ದರು. ಇವು ಮನೆಗಳಲ್ಲಿ ಬಾಳಲಾರವು, ಇವಕ್ಕೆ ಮರಣವೇ ಕರುಣೆ ಎಂದು ಕೆಲವು ದೊಡ್ಡ ಪ್ರಾಣಿದಯಾ ಸಂಸ್ಥೆಗಳೇ ಹೇಳಿದವು. ಆದರೆ ಈ ಮೊಕದ್ದಮೆಯಲ್ಲಿ ನ್ಯಾಯಾಲಯವು ಬೇರೆ ದಾರಿಯನ್ನು ಹಿಡಿಯಿತು. ಪ್ರತಿಯೊಂದು ನಾಯಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಅದರ ಮುಂದಿನ ಬಾಳನ್ನು ನಿರ್ಣಯಿಸಬೇಕೆಂದು ಆಜ್ಞೆಯಾಯಿತು. ರೆಬೆಕ್ಕಾ ಹಸ್ ಎಂಬ ಕಾನೂನು ಪ್ರಾಧ್ಯಾಪಕಿಯನ್ನು ನಾಯಿಗಳ ಪಾಲಕರನ್ನಾಗಿ ನೇಮಿಸಲಾಯಿತು. ನಾಯಿಗಳ ಪೋಷಣೆಗಾಗಿ ವಿಕ್‌ನು ಸುಮಾರು 9 ಲಕ್ಷ 28 ಸಾವಿರ ಡಾಲರುಗಳನ್ನು ತೆರಬೇಕಾಯಿತು.

ಸರಾಸರಿಯ ಮಾತು, ಒಂದರ ಮಾತು

ಒಂದು ಪಾತ್ರೆಯಲ್ಲಿರುವ ಅನಿಲದ ಉಷ್ಣತೆಯನ್ನು ತಿಳಿದರೆ ಅದರ ಅಣುಗಳ ಸರಾಸರಿ ಚಲನಶಕ್ತಿಯನ್ನು ಲೆಕ್ಕಹಾಕಬಹುದು. ಆದರೆ ಅವುಗಳಲ್ಲಿ ಯಾವುದಾದರೊಂದು ಅಣು ಈ ಕ್ಷಣದಲ್ಲಿ ಎಷ್ಟು ವೇಗದಿಂದ ಓಡುತ್ತಿದೆಯೆಂಬುದನ್ನು ಆ ಸರಾಸರಿ ಹೇಳಲಾರದು. ‘ಈ ಜಾತಿಯ ನಾಯಿಗಳು ಇಂಥವು’ ಎಂಬ ಮಾತೂ ಇದೇ ಬಗೆಯದು. ಗುಂಪಿನ ಮಾತನ್ನು ಎದುರಿಗಿರುವ ಒಂದು ನಾಯಿಗೆ ಅಂಟಿಸುವುದು ತರ್ಕದೋಷ.

ವಿಕ್‌ನ ನಾಯಿಗಳನ್ನು ಪರೀಕ್ಷಿಸಿದ ತಜ್ಞರು ಒಂದೊಂದರ ಮುಂದೆಯೂ ಮಗುವಿನ ಗಾತ್ರದ ಗೊಂಬೆಯನ್ನಿಟ್ಟು ನೋಡಿದರು. ಅದು ತಿನ್ನುತ್ತಿರುವಾಗ ಕೃತಕವಾದ ಕೈಯಿಂದ ತಟ್ಟೆಯನ್ನು ಸರಿಸಿ ನೋಡಿದರು. ಬೇರೆ ನಾಯಿಗಳನ್ನು ಎದುರಿಗೆ ತಂದು ನೋಡಿದರು. ಮೈಮೇಲೆ ಬೀಳುವ ಮೃಗಗಳನ್ನು ನಿರೀಕ್ಷಿಸಿದ್ದವರಿಗೆ ಕಂಡದ್ದು ಬೇರೆಯೇ. ಹಲವು ನಾಯಿಗಳು ಅಂಜಿಕೆಯಿಂದ ನೆಲಕ್ಕಂಟಿ ಮಲಗಿ, ತಲೆಯೆತ್ತಲೂ ಹಿಂಜರಿಯುತ್ತಿದ್ದವು. ಆಕ್ರಮಣಶೀಲತೆಯ ಕಾರಣದಿಂದ ಕೊಲ್ಲಬೇಕಾಗಿ ಬಂದದ್ದು ಒಂದೇ ಒಂದು ನಾಯಿಯನ್ನು. 47 ನಾಯಿಗಳಿಗೆ ನೆಲೆ ದೊರಕಿತು. ಅವುಗಳಲ್ಲಿ 22 ನಾಯಿಗಳು ಯೂಟಾ ಸಂಸ್ಥಾನದ ಕನಾಬ್ ಊರಿನ ಬಳಿ ಇರುವ ‘ಬೆಸ್ಟ್ ಫ್ರೆಂಡ್ಸ್’ ಎಂಬ ಆಶ್ರಯಕ್ಕೆ ಹೋದವು.

ಆದರೂ ಪರೀಕ್ಷೆಯನ್ನು ಕುರಿತು ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಬೇಕು. ಆಶ್ರಯದಲ್ಲಿ ಒಂದು ಸಲ ನಡೆಸಿದ ಪರೀಕ್ಷೆಯಿಂದ ಮನೆಯಲ್ಲಿ ನಾಯಿ ಹೇಗೆ ನಡೆದುಕೊಳ್ಳುವುದೆಂದು ನಿರ್ಧರಿಸುವುದು ಬಹು ಅಪಾಯದ ಕೆಲಸವೆಂದು 2016ರಲ್ಲಿ ಪ್ಯಾಟ್ರೊನೆಕ್ ಮತ್ತು ಬ್ರಾಡ್ಲಿ ಎಂಬ ಇಬ್ಬರು ಲೆಕ್ಕಾಚಾರದ ಮೂಲಕ ತೋರಿಸಿದರು. ಅವರ ತರ್ಕದ ಸಾರವನ್ನು ನಾವೇ ಕಲ್ಪಿಸಿದ ಅಂಕಿಗಳಿಂದ ವಿವರಿಸೋಣ. ಆಶ್ರಯವೊಂದರಲ್ಲಿ 100 ನಾಯಿಗಳಿವೆ; ಅವುಗಳಲ್ಲಿ ನಿಜವಾಗಿಯೂ ಕಚ್ಚುವ ಸ್ವಭಾವದವು 10 ಎಂದಿಟ್ಟುಕೊಳ್ಳಿರಿ. ನಮ್ಮ ಪರೀಕ್ಷೆಯು ನೂರಕ್ಕೆ 80ರಷ್ಟು ಸಲ ಸರಿಯಾದ ಉತ್ತರವನ್ನು ಕೊಡುವುದೆನ್ನಿರಿ. ಆಗ ಕಚ್ಚುವ ಹತ್ತರಲ್ಲಿ 8 ಸಿಕ್ಕಿಬೀಳುತ್ತವೆ. ಕಚ್ಚದಿರುವ ತೊಂಬತ್ತರಲ್ಲಿ ನೂರಕ್ಕೆ 20ರಷ್ಟು, ಎಂದರೆ 18 ನಾಯಿಗಳು ತಪ್ಪಾಗಿ ‘ಕಚ್ಚುವವು’ ಎಂಬ ಪಟ್ಟಿಗೆ ಸೇರುತ್ತವೆ. ಪಟ್ಟಿಯಲ್ಲಿರುವ ಒಟ್ಟು 26ರಲ್ಲಿ ನಿಜವಾದ ದೋಷಿಗಳು ಕೇವಲ 8! ಪಟ್ಟಿಯಲ್ಲಿದ್ದವನ್ನೆಲ್ಲ ಕೊಲ್ಲುವುದಾದರೆ 18 ನಿರಪರಾಧಿಗಳು ಸಾಯುತ್ತವೆ. ಉಳಿದವನ್ನೆಲ್ಲ ನಿಶ್ಚಿಂತೆಯಿಂದ ಮನೆಗಳಿಗೆ ಕಳುಹಿಸಿದರೆ ಕಚ್ಚುವ ಎರಡು ನಾಯಿಗಳು ಮಕ್ಕಳಿರುವ ಮನೆಯನ್ನೇ ಸೇರಬಹುದು. ಎರಡು ಕಡೆಯೂ ಪ್ರಾಣದ ಪ್ರಶ್ನೆಯೇ. ಆದುದರಿಂದ ಒಂದು ದಿನದ ಪರೀಕ್ಷೆ ಸಾಲದು; ಬಹುಕಾಲದ ಅವಲೋಕನ ಬೇಕು.

ವಿಕ್‌ನ ನಾಯಿಗಳ ವಿಷಯದಲ್ಲಿ ನಡೆದದ್ದು ಇದೇ. ಕನಾಬ್‌ನ ಆಶ್ರಯದವರು ಪ್ರತಿಯೊಂದು ನಾಯಿಯ ಅಂಜಿಕೆ, ಧೈರ್ಯ, ಚಟುವಟಿಕೆ ಮೊದಲಾದವುಗಳಿಗೆ ಅಂಕಗಳನ್ನು ಕೊಟ್ಟು ದಾಖಲೆಯಿಟ್ಟರು. ಮನೆಗೆ ಕೊಡುವ ಮುನ್ನ ನಾಯಿಯು ಸನ್ನಡತೆಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕಾಗಿತ್ತು. ಕೊಂಡೊಯ್ಯುವವರ ಪೂರ್ವಚರಿತ್ರೆಯನ್ನೂ ವಿಚಾರಿಸಲಾಗುತ್ತಿತ್ತು. ಇಷ್ಟರ ಮೇಲೆಯೂ ಮೊದಲ ಆರು ತಿಂಗಳು ನಾಯಿ ಅವರ ಮನೆಯಲ್ಲಿ ತಾತ್ಕಾಲಿಕವಾಗಿ ಮಾತ್ರ ಇರಬೇಕು. ಆಮೇಲೆಯೇ ಅದು ಅವರದಾಗುವುದು. ಎರಡು ನಾಯಿಗಳು ಬಾಳಿನ ಕೊನೆಯವರೆಗೂ ಆಶ್ರಯದಲ್ಲಿಯೇ ಇರತಕ್ಕದ್ದೆಂದು ನ್ಯಾಯಾಲಯ ವಿಧಿಸಿತ್ತು. ಎಲ್ಲ ನಾಯಿಗೂ ಮನೆಯೇ ತಕ್ಕ ನೆಲೆಯಲ್ಲವೆಂಬುದನ್ನು ಒಪ್ಪಿಕೊಳ್ಳುವುದೂ ಈ ಕೆಲಸದ ಒಂದು ಭಾಗ.

ದೇಹದೊಳಗಿನ ಸಾಕ್ಷಿ

ಹೊರಗಿನ ನಡತೆಯನ್ನು ನೋಡಿ ಒಳಗಿನ ನೆಮ್ಮದಿಯನ್ನು ಊಹಿಸುವುದರಲ್ಲಿ ಮೋಸಹೋಗುವ ಸಂಭವವುಂಟು. ಮೂಲೆಯಲ್ಲಿ ಸದ್ದಿಲ್ಲದೆ ಮಲಗಿರುವ ನಾಯಿ ಶಾಂತವಾಗಿರಬಹುದು, ಅಥವಾ ಭಯದಿಂದ ಮರಗಟ್ಟಿರಬಹುದು. ದೇಹದೊಳಗೇ ಒಂದು ಸಾಕ್ಷಿ ಸಿಕ್ಕಿದರೆ ಒಳಿತಲ್ಲವೆ?

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳುಂಟು. ಪ್ರಾಣಿಯು ಸಂಕಟಕ್ಕೆ ಸಿಕ್ಕಿದಾಗ ಮೆದುಳಿನಿಂದ ಹೊರಟ ಆದೇಶದಂತೆ ಇವು ಕಾರ್ಟಿಸೋಲ್ ಎಂಬ ರಸವನ್ನು ರಕ್ತಕ್ಕೆ ಹೆಚ್ಚಾಗಿ ಸುರಿಸುತ್ತವೆ. ಆಶ್ರಯಕ್ಕೆ ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಮೊದಲ ಮೂರು ದಿನ ಕಾರ್ಟಿಸೋಲಿನ ಪ್ರಮಾಣ ಬಹಳವಾಗಿರುವುದನ್ನು ಅಮೆರಿಕದ ಹೆನೆಸಿ ಮತ್ತು ಸಂಗಡಿಗರು 1997ರಲ್ಲಿ ವರದಿಮಾಡಿದರು.

ಆದರೆ ಇಲ್ಲೊಂದು ತೊಡಕಿದೆ. ಪುಟ್ಟ ಬಟ್ಟಲಿನಲ್ಲಿರುವ ಬಿಸಿನೀರಿಗೆ ದೊಡ್ಡದೊಂದು ಉಷ್ಣತಾಮಾಪಕವನ್ನು ಅದ್ದಿದರೆ ಮಾಪಕವೇ ಶಾಖವನ್ನು ಹೀರಿ ನೀರನ್ನು ತಣ್ಣಗಾಗಿಸುತ್ತದೆ. ನಾವು ಓದುವ ಅಂಕಿ ಅಳತೆಗೆ ಮುಂಚಿನ ಉಷ್ಣತೆಯಲ್ಲ. ನಾಯಿಯನ್ನು ಹಿಡಿದು, ಅದುಮಿ, ಸೂಜಿ ಚುಚ್ಚಿ ರಕ್ತ ತೆಗೆಯುವುದೂ ಹಾಗೆಯೇ. ಆ ಹಿಡಿತವೇ ಕೆಲವು ನಿಮಿಷಗಳಲ್ಲಿ ಕಾರ್ಟಿಸೋಲನ್ನು ಏರಿಸಿಬಿಡಬಲ್ಲುದು. ಆದಕಾರಣ ವಿಜ್ಞಾನಿಗಳು ಪ್ರಾಣಿಯನ್ನು ಕಾಡದ ಉಪಾಯಗಳನ್ನು ಹುಡುಕಿದರು. ನಾಯಿ ತಾನಾಗಿ ಮೂತ್ರ ವಿಸರ್ಜಿಸಿದಾಗ ಅದನ್ನು ಸಂಗ್ರಹಿಸಿ ಪರೀಕ್ಷಿಸುವುದು ಅಂಥ ಒಂದು ಉಪಾಯ. ಲೀಸಾ ಗಂಟರ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಐದು ಆಶ್ರಯಗಳ 207 ನಾಯಿಗಳನ್ನು ಒಂದೆರಡು ರಾತ್ರಿಗಳ ಮಟ್ಟಿಗೆ ಮನೆಗಳಿಗೆ ಕಳುಹಿಸಿ ಕರೆತಂದರು. ಮನೆಯಲ್ಲಿದ್ದಾಗ ಕಾರ್ಟಿಸೋಲ್ ಇಳಿಯಿತು. ಆಶ್ರಯಕ್ಕೆ ಮರಳಿದ ಮೇಲೆ ಅದು ಮೊದಲಿನ ಮಟ್ಟಕ್ಕೆ ಬಂದು ನಿಂತಿತು, ಅದಕ್ಕಿಂತ ಮೇಲೇರಲಿಲ್ಲ. ಮನೆಯ ರುಚಿ ತೋರಿಸಿ ಮರಳಿ ತಂದರೆ ನಾಯಿಯ ಸಂಕಟ ಮೊದಲಿಗಿಂತ ಹೆಚ್ಚೀತೆಂಬ ಭಯಕ್ಕೆ ಈ ಅಳತೆಯಲ್ಲಿ ಆಧಾರ ಸಿಕ್ಕಲಿಲ್ಲ.

ಕೂದಲು ಹೇಳುವ ಕಥೆ

ರಕ್ತವೂ ಮೂತ್ರವೂ ಆಯಾ ಹೊತ್ತಿನ ಸುದ್ದಿಯನ್ನು ಮಾತ್ರ ಹೇಳುತ್ತವೆ. ಓಟದಿಂದಲೂ ಆಟದಿಂದಲೂ ಸಂತೋಷದ ಸಂಭ್ರಮದಿಂದಲೂ ಕಾರ್ಟಿಸೋಲ್ ಏರುವುದುಂಟಾದುದರಿಂದ ಒಂದು ಕ್ಷಣದ ಅಂಕಿಯನ್ನು ನಂಬುವಂತಿಲ್ಲ. ಕೂದಲಿನ ರೀತಿ ಬೇರೆ. ಅದು ಬೆಳೆಯುತ್ತಿರುವಾಗ ರಕ್ತದಲ್ಲಿನ ಕಾರ್ಟಿಸೋಲ್ ಸ್ವಲ್ಪ ಸ್ವಲ್ಪವಾಗಿ ಅದರಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಕೂದಲೆಂಬುದು ಹಲವು ವಾರಗಳ ಜಮಾಖರ್ಚನ್ನು ಒಟ್ಟುಗೂಡಿಸಿದ ಲೆಕ್ಕದ ಪುಸ್ತಕವಿದ್ದಂತೆ.

ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಯಾನೆಕೆ ಫಾನ್ ಡೆರ್ ಲಾನ್ ಮತ್ತು ಸಹೋದ್ಯೋಗಿಗಳು ಈ ಪುಸ್ತಕವನ್ನು ಓದಿದರು. ಆಶ್ರಯಕ್ಕೆ ಬಂದ 52 ನಾಯಿಗಳ ಮೈಯ ಒಂದು ಕಡೆಯ ಕೂದಲನ್ನು ಬೋಳಿಸಿ, ಅಲ್ಲಿ ಹೊಸದಾಗಿ ಬೆಳೆದ ಕೂದಲನ್ನು ಆಶ್ರಯದಲ್ಲಿ ಆರು ವಾರ ಕಳೆದ ಮೇಲೆಯೂ, ಹೊಸ ಮನೆಗೆ ಹೋಗಿ ಆರು ವಾರ ಮತ್ತು ಆರು ತಿಂಗಳು ಕಳೆದ ಮೇಲೆಯೂ ಪರೀಕ್ಷಿಸಿದರು. ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಬಂದಾಗ ಒಂದು ಮಿಲಿಗ್ರಾಂ ಕೂದಲಿನಲ್ಲಿ ಸುಮಾರು 16 ಪಿಕೋಗ್ರಾಂ ಇದ್ದ ಕಾರ್ಟಿಸೋಲ್ ಆರು ವಾರಗಳ ಆಶ್ರಯವಾಸದಲ್ಲಿ ಸುಮಾರು 22ಕ್ಕೆ ಏರಿತ್ತು. ಹೊಸ ಮನೆಗೆ ಹೋದ ಮೇಲೆ ಅದು ಕ್ರಮೇಣ ಮೊದಲಿನ ಮಟ್ಟದ ಕಡೆಗೆ ಇಳಿಯಿತು. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕೆ ಪಿಕೋಗ್ರಾಂ ಎಂದು ಹೆಸರು. ಮಾತು ಬಾರದ ಪ್ರಾಣಿಯ ಆರು ವಾರಗಳ ಅಳಲು ಇಷ್ಟು ಸೂಕ್ಷ್ಮವಾದ ಅಕ್ಷರದಲ್ಲಿ ಬರೆದಿತ್ತು! ಒಳ್ಳೆಯ ಅನ್ನ, ಔಷಧ, ಸೂರು ಎಲ್ಲವೂ ಇದ್ದ ಆಶ್ರಯದಲ್ಲಿಯೇ ಈ ಏರಿಕೆ ಕಂಡುಬಂದಿತೆಂಬುದನ್ನು ಓದುಗರು ಗಮನಿಸಬೇಕು.

ಹೊಸ್ತಿಲಿನ ಆಚೆ

ಹಾಗೆಂದು ಎಲ್ಲ ನಾಯಿಗಳ ಕೂದಲನ್ನೂ ಪ್ರಯೋಗಶಾಲೆಗೆ ಕಳುಹಿಸುವುದು ಸಾಧ್ಯವಿಲ್ಲ. ದಿನನಿತ್ಯದ ಕೆಲಸದಲ್ಲಿ ಆಶ್ರಯಗಳು ಎರಡು ವಿಧಾನಗಳನ್ನು ಅನುಸರಿಸುತ್ತವೆ: ಮನೆಗೆ ಹೋಗಿ ನೋಡುವುದು, ಮನೆಯವರನ್ನು ಕೇಳುವುದು.

ಮನೆಗೆ ಹೋಗುವುದರಲ್ಲಿ ಉಷ್ಣತಾಮಾಪಕದ ತೊಡಕೇ ಮತ್ತೆ ಎದುರಾಗುತ್ತದೆ. ಪರೀಕ್ಷಕರು ಬರುವ ದಿನ ಅಂಗಳ ಗುಡಿಸಿರುತ್ತದೆ, ನಾಯಿಯ ತಟ್ಟೆ ತುಂಬಿರುತ್ತದೆ. ಅಪರಿಚಿತರನ್ನು ಕಂಡು ನಾಯಿಯ ನಡತೆಯೂ ಬದಲಾಗುತ್ತದೆ. ಕೇಳುವ ವಿಧಾನಕ್ಕೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಜೇಮ್ಸ್ ಸರ್ಪೆಲ್ ಮೊದಲಾದವರು ಒಂದು ಕ್ರಮವನ್ನು ಕಲ್ಪಿಸಿ ಪ್ರಶ್ನಾವಳಿಯನ್ನು ರಚಿಸಿದ್ದಾರೆ. ‘ನಿಮ್ಮ ನಾಯಿ ಒಳ್ಳೆಯದೆ?’ ಎಂದು ಅದರಲ್ಲಿ ಕೇಳುವುದಿಲ್ಲ. ಅಪರಿಚಿತರು ಬಂದಾಗ, ಗುಡುಗಿದಾಗ, ಮನೆಯಲ್ಲಿ ಒಂಟಿಯಾಗಿ ಬಿಟ್ಟಾಗ ಅದು ಏನು ಮಾಡುತ್ತದೆ, ಎಷ್ಟು ಮಟ್ಟಿಗೆ ಮಾಡುತ್ತದೆ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ಅಭಿಪ್ರಾಯವನ್ನು ಬಿಟ್ಟು ಕಂಡದ್ದನ್ನು ದಾಖಲಿಸುವುದು ವಿಜ್ಞಾನದ ಮೊದಲ ಪಾಠವಲ್ಲವೆ?

ಇಲ್ಲಿಯೂ ಒಂದು ಬಲೆಯಿದೆ. ಆಶ್ರಯವು ನೂರು ಮನೆಗಳಿಗೆ ಪತ್ರ ಬರೆದರೆ ಸಂತೋಷದಿಂದಿರುವವರು ಬೇಗನೆ ಉತ್ತರಿಸುತ್ತಾರೆ. ನಾಯಿಯನ್ನು ಕಳೆದುಕೊಂಡವರು, ಬೇರೆಯವರಿಗೆ ದಾಟಿಸಿದವರು, ಸರಪಳಿಗೆ ಕಟ್ಟಿ ಮರೆತವರು ಸುಮ್ಮನಿದ್ದುಬಿಡುತ್ತಾರೆ. ಬಂದ ಉತ್ತರಗಳನ್ನೆಲ್ಲ ಓದಿ ‘ಎಲ್ಲವೂ ಕ್ಷೇಮ’ ಎಂದು ತೀರ್ಮಾನಿಸುವುದು ತಪ್ಪು. ಬಾರದ ಉತ್ತರಗಳ ಕಡೆಗೇ ಹೆಚ್ಚು ಗಮನ ಬೇಕು. ಅಂತೆಯೇ ‘ಈ ನಾಯಿ ನಮಗೆ ಹೊಂದಲಿಲ್ಲ’ ಎಂದು ಮರಳಿ ತಂದವರನ್ನು ಹೀಯಾಳಿಸುವುದೂ ಸರಿಯಲ್ಲ. ಹೀಯಾಳಿಸಿದರೆ ಮುಂದಿನವರು ಆಶ್ರಯದ ಬಾಗಿಲಿಗೆ ಬಾರದೆ ನಾಯಿಯನ್ನು ರಸ್ತೆಯಲ್ಲಿಯೇ ಬಿಟ್ಟಾರು. ನಾವು ಕಾಣದ ಸೋಲಿಗಿಂತ ಕಂಡ ಸೋಲು ಮೇಲು; ಆ ನಾಯಿಗೆ ಮುಂದಿನ ಮನೆಯನ್ನು ಆರಿಸಲು ಅದೇ ದಾರಿದೀಪ.

ಕೊಂದುಬಿಡಿರೆಂದು ಹಲವರು ಹೇಳಿದ ಆ ವರ್ಜೀನಿಯದ ನಾಯಿಗಳಲ್ಲಿ ಕೆಲವು ಮುಂದೆ ರೋಗಿಗಳಿಗೂ ಮಕ್ಕಳಿಗೂ ಸಾಂತ್ವನ ನೀಡುವ ಕೆಲಸಕ್ಕೆ ಬಂದವು. ಕೆಲವು ಕೊನೆಯವರೆಗೂ ಅಂಜುಬುರುಕಗಳಾಗಿಯೇ ಉಳಿದವು. ಅವುಗಳಲ್ಲಿ ಕಟ್ಟಕಡೆಯದಾದ ಫ್ರೋಡೊ ಎಂಬುದು 2021ರ ಡಿಸೆಂಬರಿನಲ್ಲಿ, ಮನೆಯೊಂದರ ಆದರದಲ್ಲಿ ವೃದ್ಧಾಪ್ಯವನ್ನು ಕಂಡು ತೀರಿಕೊಂಡಿತು. ಬಿಡುಗಡೆಯಾದ ದಿನದಿಂದ ಅಂದಿಗೆ ಹದಿನಾಲ್ಕು ವರ್ಷಗಳ ಮೇಲಾಗಿತ್ತು.

ನಮ್ಮ ವಿದ್ಯಾರ್ಥಿ ಓದುಗರಲ್ಲಿ ಯಾರಾದರೂ ಅನಾಥ ನಾಯಿಯೊಂದನ್ನು ಮನೆಗೆ ತಂದರೆ ಒಂದು ಸಣ್ಣ ಕೆಲಸವನ್ನು ಮಾಡಿರಿ. ಪಶುವೈದ್ಯರಿಂದ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ದಿನವೇ ಒಂದು ನೋಟುಪುಸ್ತಕವನ್ನು ತೆರೆಯಿರಿ. ಅದು ಎಷ್ಟು ತಿಂದಿತು, ಎಲ್ಲಿ ಮಲಗಿತು, ಯಾವ ಸದ್ದಿಗೆ ಬೆದರಿತು, ಯಾವ ದಿನ ಮೊದಲ ಬಾರಿಗೆ ತಾನಾಗಿ ಹತ್ತಿರ ಬಂದಿತು ಎಂಬುದನ್ನು ತಾರೀಖಿನೊಡನೆ ಆರು ತಿಂಗಳು ಗುರುತುಹಾಕುತ್ತ ಹೋಗಿರಿ. ಒಂದು ದಿನದ ಸಾಲು ಏನನ್ನೂ ಹೇಳಲಾರದು. ಆರು ತಿಂಗಳ ಸಾಲುಗಳು ಹೇಳುತ್ತವೆ. ಆ ಪುಸ್ತಕವೇ ಮೂಕಪ್ರಾಣಿಯು ನಿಮ್ಮ ಕೈಯಿಂದ ಬರೆಯಿಸಿದ ಕ್ಷೇಮಸಮಾಚಾರ.