ಚರ್ಚಿನಡಿಯ ಚರ್ಚು

ರೋಮ್‌ನ ಕೊಲೋಸಿಯಂನಿಂದ ಲ್ಯಾಟೆರನ್ ಕಡೆಗೆ ಹೋಗುವ ಹಳೆಯ ಬೀದಿಯಲ್ಲಿದ್ದ ಸಾನ್ ಕ್ಲೆಮೆಂತೆ ಚರ್ಚಿನ ವಯಸ್ಸನ್ನು ಬಹುಕಾಲ ಯಾರೂ ಕೆದಕಲು ಹೋಗಿರಲಿಲ್ಲ. ಸಂತ ಕ್ಲೆಮೆಂಟನ ನೆನಪಿನ ಚರ್ಚೊಂದು ರೋಮ್‌ನಲ್ಲಿದೆಯೆಂದು ಸಂತ ಜೆರೋಮ್ 392ರಷ್ಟು ಹಿಂದೆಯೇ ಬರೆದಿದ್ದ. ಗಾಯಕರು ನಿಲ್ಲುವ ಜಾಗದ ಅಮೃತಶಿಲೆಯ ಕಟಾಂಜನದ ಮೇಲೆ ಆರನೇ ಶತಮಾನದ ಪೋಪ್ ಎರಡನೇ ಜಾನ್‌ನ ಮುದ್ರೆಯಿತ್ತು. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಇದೇ ಆ ಚರ್ಚು ಎಂದು ಊರು ನಂಬಿತು.

1677ರಿಂದ ಚರ್ಚು ಐರಿಷ್ ಡೊಮಿನಿಕನ್ ಪಾದ್ರಿಗಳ ಕೈಯಲ್ಲಿತ್ತು. ಅವರಲ್ಲೊಬ್ಬರಾದ ಜೋಸೆಫ್ ಮುಲ್ಲೂಲಿ 1857ರಲ್ಲಿ ನೆಲ ಅಗೆಸಲು ನಿಂತರು. ಗುದ್ದಲಿಗೆ ಸಿಕ್ಕಿದ್ದು ಒತ್ತಿ ತುಂಬಿದ ಇಟ್ಟಿಗೆ, ಗಾರೆ, ಕಲ್ಲುಚೂರು. ಅದನ್ನು ತೆಗೆದಂತೆಲ್ಲ ಕಂಬದ ತಲೆ ಕಂಡಿತು, ಕುತ್ತಿಗೆ ಕಂಡಿತು, ಕೊನೆಗೆ ಕಂಬಗಳ ಸಾಲೇ ಕಂಡಿತು. ಜೆರೋಮ್ ಹೇಳಿದ ಚರ್ಚು ಇಲ್ಲಿ, ನೆಲದಡಿಯಲ್ಲಿತ್ತು! ಮುದ್ರೆಯಿದ್ದ ಕಲ್ಲುಗಳನ್ನು ಯಾರೋ ಬಿಚ್ಚಿ ಮೇಲಕ್ಕೆ ಒಯ್ದು ಜೋಡಿಸಿದ್ದರು, ಅಷ್ಟೆ.

ಸಂಭ್ರಮಪಡಲು ಪುರುಸೊತ್ತಿರಲಿಲ್ಲ. ಆ ಕಸದ ರಾಶಿಯೇ ಮೇಲಿನ ಚರ್ಚಿನ ಭಾರವನ್ನು ಹೊತ್ತು ನಿಂತಿತ್ತು. ಅದನ್ನು ತೆಗೆದಲ್ಲೆಲ್ಲ ಆಧಾರದ ಗೋಡೆ ಎಬ್ಬಿಸಬೇಕು, ಮತ್ತೆ ಮುಂದಕ್ಕೆ ಅಗೆಯಬೇಕು. ಮೇಲೆ ಪೂಜೆ ನಡೆಯುವ ಚರ್ಚು, ಕೆಳಗೆ ಅದರ ಬುಡವನ್ನೇ ಬರಿದು ಮಾಡುವ ಕೆಲಸ. ಇದಕ್ಕೆ ಭಕ್ತಿಗಿಂತ ಹಟವೇ ಹೆಚ್ಚು ಬೇಕಾಗಿತ್ತು.

ಹಟಕ್ಕೆ ತಕ್ಕ ಫಲವೂ ಸಿಕ್ಕಿತು. ಗೋಡೆಗಳ ಮೇಲೆ ಹನ್ನೊಂದನೇ ಶತಮಾನದ ಚಿತ್ರಗಳು ಬಣ್ಣ ಉಳಿಸಿಕೊಂಡು ಹೊರಬಂದವು. ಒಂದರಲ್ಲಿ ಸಿಸಿನ್ನಿಯಸ್ ಎಂಬ ಅಧಿಕಾರಿ ಕ್ಲೆಮೆಂಟನನ್ನು ಎಳೆದೊಯ್ಯಲು ಆಳುಗಳಿಗೆ ಅಪ್ಪಣೆ ಕೊಡುತ್ತಿದ್ದ. ಪವಾಡದಿಂದ ಕಣ್ಣು ಕಟ್ಟಿದ್ದ ಆಳುಗಳು ಸಂತನೆಂದು ಕಲ್ಲುಕಂಬಕ್ಕೆ ಹಗ್ಗ ಬಿಗಿದು ಜಗ್ಗುತ್ತಿದ್ದರು. ಸಿಟ್ಟಿಗೆದ್ದ ಧಣಿಯ ಬೈಗುಳವನ್ನೂ ಚಿತ್ರಕಾರ ಗೋಡೆಯ ಮೇಲೆಯೇ ಬರೆದಿಟ್ಟಿದ್ದ, ಅದೂ ಲ್ಯಾಟಿನ್ ಬಿಟ್ಟು ಬೀದಿಯ ಮಾತಿನಲ್ಲಿ! ಇಟಾಲಿಯನ್ ಆಡುಮಾತಿನ ಅತಿ ಹಳೆಯ ಬರಹಗಳ ಸಾಲಿಗೆ ಆ ಪೋಲಿ ಸಾಲು ಸೇರಿತು.

ಮುಲ್ಲೂಲಿ ಅಲ್ಲಿಗೂ ನಿಲ್ಲಲಿಲ್ಲ. ಇನ್ನೂ ಕೆಳಗಿಳಿದಾಗ ಒಂದು ರೋಮನ್ ಮನೆ, ಅದರಾಚೆ ಇಕ್ಕಟ್ಟಾದ ಓಣಿ, ಓಣಿಯಾಚೆ ದೊಡ್ಡ ಕಲ್ಲುಗಳ ಭಾರೀ ಕಟ್ಟಡ ಎದುರಾದವು. 1867ರಲ್ಲಿ ಆ ಮನೆಯೊಳಗೆ ಗುಹೆಯಂಥ ಕೋಣೆ ಸಿಕ್ಕಿತು. ಎರಡೂ ಬದಿಗೆ ಕಲ್ಲಿನ ಜಗಲಿ, ನಡುವೆ ಬಲಿಪೀಠ, ಅದರ ಮೇಲೆ ಗೂಳಿಯನ್ನು ಕೊಲ್ಲುವ ಮಿತ್ರಾಸ್ ದೇವರು. ಚರ್ಚಿನ ಅಡಿಯಲ್ಲೇ ಪರದೇವರ ಗುಡಿ!

ಆದರೆ ಅಷ್ಟು ಆಳದಲ್ಲಿ ನೀರಿನದೇ ಯಜಮಾನಿಕೆ. ಕೋಣೆಗಳು ಜಲಾವೃತವಾದವು. 1880ರಲ್ಲಿ ಮುಲ್ಲೂಲಿ ತೀರಿಕೊಂಡರು, ನೀರು ಮಾತ್ರ ಅಲ್ಲೇ ಉಳಿಯಿತು. 1912ರಲ್ಲಿ ಅದೇ ಮಠದ ಫಾದರ್ ಲೂಯಿ ನೋಲನ್ ನೀರಿಗೆ ದಾರಿ ಮಾಡಿಕೊಡಲು ಹೊರಟರು. ಸುಮಾರು 700 ಮೀಟರ್ ಸುರಂಗ ಕೊರೆಸಿ, ಅದನ್ನು ಪ್ರಾಚೀನ ರೋಮನ್ನರ ಮಹಾಚರಂಡಿ ಕ್ಲೊವಾಕಾ ಮ್ಯಾಕ್ಸಿಮಾಕ್ಕೆ ಸೇರಿಸಿದಾಗ 1914 ಬಂದಿತ್ತು. ನೀರು ಹರಿಯಿತು. ಚರಂಡಿಗೆಂದು ತೋಡಿದ ನೆಲ ಕೇಳದೆಯೇ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟಿತು. ಎಲ್ಲಕ್ಕಿಂತ ಕೆಳಗೆ ಸುಟ್ಟ ಕಟ್ಟಡಗಳ ಅವಶೇಷವಿತ್ತು.

ಅದು ಕ್ರಿ.ಶ. 64ರಲ್ಲಿ, ನೀರೋನ ಕಾಲದಲ್ಲಿ ಎದ್ದ ಮಹಾ ಬೆಂಕಿಯ ಗುರುತು. ಉರಿದದ್ದನ್ನು ಊರಿನವರು ಸಾಗಿಸಲಿಲ್ಲ, ಮಣ್ಣು ತುಂಬಿ ಅದರ ಮೇಲೆಯೇ ಹೊಸ ಮನೆ ಕಟ್ಟಿದರು. ಆ ಮನೆಯೊಳಗೆ ಮಿತ್ರಾಸ್‌ನ ಗುಡಿ ಬಂತು. ನಾಲ್ಕನೇ ಶತಮಾನದಲ್ಲಿ ಅದರ ಮೇಲೆ ಚರ್ಚು ಎದ್ದಿತು. ಸುತ್ತಲಿನ ಬೀದಿ ಏರುತ್ತ ಹೋಗಿ ಚರ್ಚು ತಗ್ಗಿಗೆ ಬಿದ್ದಾಗ, 1100ರ ಆಸುಪಾಸಿನಲ್ಲಿ ಅದರೊಳಕ್ಕೂ ಕಸ ತುಂಬಿ, ಅದನ್ನೇ ಪಾಯ ಮಾಡಿಕೊಂಡು ಮೇಲಿನ ಚರ್ಚನ್ನು ಕಟ್ಟಿದರು.