ಹರಳು ಕೂರೋ ಆ ಕೆಲವು ಸೆಕೆಂಡ್

ಪೆರೋವ್‌ಸ್ಕೈಟ್ ಸೋಲಾರ್ ಸೆಲ್‌ನಲ್ಲಿ ಬೆಳಕು ಹೀರೋ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ತೆಳು. ಪುಟ್ಟ ಹರಳುಗಳು ಒತ್ತೊತ್ತಾಗಿ ಕೂತ ಫಿಲ್ಮ್ ಅದು. ನಡುವೆ ತೂತು ಉಳಿದರೆ ಮೇಲಿನ ಪದರ ಕೆಳಗಿನದಕ್ಕೆ ತಾಗಿ ಶಾರ್ಟ್ ಆಗುತ್ತೆ.

ಲೆಡ್ ಅಯೋಡೈಡ್, ಮೀಥೈಲ್ ಅಮೋನಿಯಂ ಅಯೋಡೈಡ್ ಎರಡನ್ನೂ ಬರೀ ಡಿಎಂಎಫ್ ಅನ್ನೋ ಸಾಲ್ವೆಂಟ್‌ನಲ್ಲಿ ಕರಗಿಸಿ, ಗಾಜಿನ ಮೇಲೆ ಹಾಕಿ ಸ್ಪಿನ್ ಮಾಡಿದರೆ ಆಗೋದು ಇದೇ. ಅಲ್ಲೊಂದು ಇಲ್ಲೊಂದು ಹರಳು ಹುಟ್ಟಿ, ಸುತ್ತಲಿನದ್ದನ್ನೆಲ್ಲ ಎಳ್ಕೊಂಡು ಸೂಜಿ ಥರ ಉದ್ದಕ್ಕೆ ಬೆಳೆಯುತ್ತೆ. ಮಧ್ಯೆ ಗಾಜು ಬೋಳು. ಸುಮ್ಮನೆ ಬಿಟ್ಟ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟೋ ಹಾಗೆ.

2014ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಸಾಲ್ವೆಂಟ್ ಮಿಶ್ರಣದಲ್ಲಿ ಡಿಎಂಎಸ್‌ಒ ಬಳಸಿದರು. ಅದು ಲೆಡ್ ಅಯೋಡೈಡನ್ನು ಹಿಡ್ಕೊಂಡು, ಹರಳಾಗೋ ಅವಸರಕ್ಕೆ ಬ್ರೇಕ್ ಹಾಕುತ್ತೆ. ಗಾಜು ತಿರುಗ್ತಿರುವಾಗಲೇ ಮೇಲಿಂದ ಟೊಲುವೀನ್ ಹನಿಸಿದರು. ಇದು ಸಾಲ್ವೆಂಟ್ ಜೊತೆ ಬೆರೆಯುತ್ತೆ, ಆದರೆ ಲವಣಗಳನ್ನು ಕರಗಿಸಲ್ಲ. ಅದಕ್ಕೇ ಆಂಟಿಸಾಲ್ವೆಂಟ್ ಅಂತಾರೆ. ಎಲ್ಲ ಕಡೆ ಒಟ್ಟಿಗೇ ನಯವಾದ ಪದರ ಕೂರುತ್ತೆ. ಆಮೇಲೆ 100 ಡಿಗ್ರಿ ಹಾಟ್‌ಪ್ಲೇಟ್ ಮೇಲಿಟ್ಟರೆ ಡಿಎಂಎಸ್‌ಒ ಹೊರಟು ಒತ್ತಾದ ಹರಳುಗಳು ಉಳಿಯುತ್ತವೆ. ಹನಿಸೋದು ಕೆಲವು ಸೆಕೆಂಡ್ ಹಿಂದೆಮುಂದೆ ಆದರೂ ಫಿಲ್ಮ್ ಕೆಡಬಹುದು.

ನನಗೆ ನಿಜವಾದ ತಲೆನೋವು ಅನ್ನಿಸೋದು ಮುಂದಿನದು. ಸ್ಪಿನ್ ಮಾಡುವಾಗ ದ್ರಾವಣದ ಬಹುಪಾಲು ಹೊರಗೆ ಸಿಡಿದು ದಂಡ. ಮೀಟರ್ ಅಗಲದ ಪ್ಯಾನೆಲನ್ನು ಹಾಗೆ ತಿರುಗಿಸೋಕಾಗುತ್ತಾ? ಅದಕ್ಕೇ ದೊಡ್ಡ ಗಾಜಿಗೆ ಬ್ಲೇಡ್‌ನಿಂದ ಸವರಿ, ಟೊಲುವೀನ್ ಬದಲು ನೈಟ್ರೋಜನ್ ಊದಿ ಬೇಗ ಒಣಗಿಸೋ ದಾರಿ ಹಿಡಿದಿದ್ದಾರೆ.